ಕೈ ಹೋದರೂ ಗುರಿ ಉಳಿಯಿತು
(ಪಿಸ್ತೂಲು ಸ್ಪರ್ಧಾಳು ಕಾರೋಯ್ ತಾಕಾಚ್‌ನ ಜೀವನಸಾಧನೆ)

ಕನ್ನಡ ನುಡಿಯಲ್ಲಿ ಮನುಷ್ಯನ ಸಾಮರ್ಥ್ಯವೆಲ್ಲ ಕೈಯಲ್ಲಿಯೇ ನೆಲೆಸಿದಂತಿದೆ. ಸಾಧ್ಯವಾದುದನ್ನು ‘ಕೈಲಾಗುತ್ತದೆ’ ಎಂದೂ ಅಸಾಧ್ಯವಾದುದನ್ನು ‘ಕೈಲಾಗದು’ ಎಂದೂ ಹೇಳುವುದು ವಾಡಿಕೆ. ಒಂದು ವಿದ್ಯೆಯಲ್ಲಿ ನಿಪುಣನಾದವನು ‘ಎತ್ತಿದ ಕೈ’. ಅನುಭವದಿಂದ ಮಾಗಿದವನು ‘ಪಳಗಿದ ಕೈ’. ರೋಗ ವಾಸಿಮಾಡಬಲ್ಲ ವೈದ್ಯನಿಗೆ ಇರುವುದು ‘ಕೈಗುಣ’. ‘ಬಲ’ ಎಂಬ ಒಂದೇ ಶಬ್ದವು ಶಕ್ತಿಗೂ ಸಲ್ಲುತ್ತದೆ, ಬಲಗಡೆಗೂ ಸಲ್ಲುತ್ತದೆ. ಭಾಷೆಯೇ ಹೀಗೆ ತೀರ್ಪಿತ್ತಿರುವಾಗ, ಬಲಗೈಯನ್ನೇ ಕಳೆದುಕೊಂಡವನ ಗತಿಯೇನು? ಅದರಲ್ಲಿಯೂ ಬಲಗೈಯ ತೋರುಬೆರಳಿನ ಒಂದು ಸೂಕ್ಷ್ಮ ಒತ್ತಡವನ್ನೇ ನೆಚ್ಚಿಕೊಂಡ ವಿದ್ಯೆಯಲ್ಲಿ ಪ್ರವೀಣನಾಗಿದ್ದವನ ಗತಿಯೇನು?

ಈ ಪ್ರಶ್ನೆಗೆ ಹಂಗೆರಿ ದೇಶದ ಸೈನಿಕನೊಬ್ಬನು ತನ್ನ ಬಾಳಿನಿಂದಲೇ ಉತ್ತರ ಕೊಟ್ಟಿದ್ದಾನೆ. ಆತನ ಹೆಸರು ಕಾರೋಯ್ ತಾಕಾಚ್. ಸೈನ್ಯದ ಕವಾಯತಿನಲ್ಲಿ ಬಲಗೈ ಛಿದ್ರವಾದ ಮೇಲೆ ಎಡಗೈಯಿಂದ ಪಿಸ್ತೂಲು ಹಿಡಿಯಲು ಕಲಿತು, 1948ರಲ್ಲಿ ಲಂಡನ್ನಿನಲ್ಲಿಯೂ 1952ರಲ್ಲಿ ಹೆಲ್ಸಿಂಕಿಯಲ್ಲಿಯೂ ಒಲಿಂಪಿಕ್ ಬಂಗಾರದ ಪದಕಗಳನ್ನು ಆತ ಗೆದ್ದನು. ಇದನ್ನು ಕೇವಲ ಛಲದ ಕಥೆಯೆಂದು ಹೇಳಿ ಮುಗಿಸುವುದು ರೂಢಿ. ಛಲವೇನೋ ಇತ್ತು. ಆದರೆ ಛಲವೊಂದರಿಂದಲೇ ಗುಂಡು ಗುರಿ ಮುಟ್ಟುವುದಿಲ್ಲ. ಕೈ ಹೋದ ಮೇಲೆ ಆತನಲ್ಲಿ ಏನೇನು ಉಳಿದಿತ್ತು, ಉಳಿದುದನ್ನು ಆತ ಹೇಗೆ ವಿನಿಯೋಗಿಸಿದನು ಎಂಬುದನ್ನು ವಿಚಾರಿಸಿದಾಗಲೇ ಈ ಸಾಧನೆಯ ನಿಜವಾದ ಅರ್ಥ ತಿಳಿಯುತ್ತದೆ. ಅಂಗಕ್ಕೆ ಊನ ಬಂದವರಿರುವ ಪ್ರತಿಯೊಂದು ಮನೆಗೂ ಅದರಿಂದ ಪ್ರಯೋಜನವುಂಟು.

ನಾಲ್ಕು ಸೆಕೆಂಡಿನ ವಿದ್ಯೆ

ಮೊದಲು ಸ್ಪರ್ಧೆಯ ಸ್ವರೂಪವನ್ನು ಅರಿಯುವುದು ಅವಶ್ಯ. ಪಿಸ್ತೂಲು ಸ್ಪರ್ಧೆಗಳಲ್ಲಿ ಹಲವು ಬಗೆಗಳಿವೆ. ಕೆಲವು ನಿಧಾನದವು, ಒಂದೊಂದು ಗುಂಡಿಗೂ ಸಾಕಷ್ಟು ಕಾಲಾವಕಾಶವಿರುತ್ತದೆ. ತಾಕಾಚ್ ಆರಿಸಿಕೊಂಡುದು ಇದಕ್ಕೆ ವಿರುದ್ಧವಾದ 25 ಮೀಟರ್ ಶೀಘ್ರಗತಿಯ ಪಿಸ್ತೂಲು ಸ್ಪರ್ಧೆ. ಇದರಲ್ಲಿ ಸ್ಪರ್ಧಾಳುವಿನ ಎದುರಿಗೆ 25 ಮೀಟರ್ ದೂರದಲ್ಲಿ ಐದು ಗುರಿಗಳು ಸಾಲಾಗಿ ನಿಂತಿರುತ್ತವೆ. ಒಂದೊಂದು ಗುರಿಗೆ ಒಂದೊಂದರಂತೆ ಐದು ಗುಂಡುಗಳನ್ನು ಮೊದಲು 8 ಸೆಕೆಂಡುಗಳಲ್ಲಿ, ಬಳಿಕ 6 ಸೆಕೆಂಡುಗಳಲ್ಲಿ, ಕೊನೆಗೆ 4 ಸೆಕೆಂಡುಗಳಲ್ಲಿ ಹಾರಿಸಬೇಕು. ಹೀಗೆ ಒಟ್ಟು 60 ಗುಂಡುಗಳು. ಒಂದೊಂದಕ್ಕೆ ಗರಿಷ್ಠ 10 ಅಂಕಗಳಂತೆ ಪೂರ್ಣಾಂಕ 600.

ನಾಲ್ಕು ಸೆಕೆಂಡುಗಳನ್ನು ಐದು ಗುಂಡುಗಳಿಗೆ ಭಾಗಿಸಿದರೆ ಒಂದಕ್ಕೆ ಸಿಗುವುದು ಸೆಕೆಂಡಿನ ಹತ್ತರಲ್ಲಿ ಎಂಟು ಭಾಗ ಮಾತ್ರ. ಅಷ್ಟರೊಳಗೆ ಕೆಳಗಿಳಿಸಿದ ತೋಳನ್ನು ಮೇಲೆತ್ತಬೇಕು, ಗುರಿ ಹಿಡಿಯಬೇಕು, ಟ್ರಿಗರನ್ನು ಒತ್ತಬೇಕು, ಸಿಡಿತದ ಧಕ್ಕೆಯಿಂದ ಮೇಲೆದ್ದ ಪಿಸ್ತೂಲನ್ನು ಹತೋಟಿಗೆ ತಂದು ಮುಂದಿನ ಗುರಿಗೆ ಹೊರಳಿಸಬೇಕು. ಎರಡು ಕೈಗಳನ್ನು ಬಳಸುವಂತಿಲ್ಲ. ಒಂದೇ ತೋಳು, ಅದೂ ನೀಳವಾಗಿ ಚಾಚಿದ ತೋಳು, ಒಂದು ಕಿಲೋಗ್ರಾಂ ಆಸುಪಾಸಿನ ತೂಕವನ್ನು ಹೊತ್ತು ಈ ಕೆಲಸವನ್ನೆಲ್ಲ ಮಾಡಬೇಕು.

ಇಲ್ಲಿ ತಪ್ಪಿಗೆ ಎಷ್ಟು ಆಸ್ಪದವಿದೆಯೆಂಬುದನ್ನು ಸಾಮಾನ್ಯ ಅಂಕಗಣಿತದಿಂದಲೇ ತಿಳಿಯಬಹುದು. ಪಿಸ್ತೂಲಿನ ಮೇಲ್ಭಾಗದಲ್ಲಿ ಹಿಂದೆ ಒಂದು ಕಂಡಿಯೂ ಮುಂದೆ ಒಂದು ಕಡ್ಡಿಯೂ ಇರುತ್ತವೆ. ಕಂಡಿಯ ನಡುವೆ ಕಡ್ಡಿಯು ನೇರವಾಗಿ ಕಾಣುವಂತೆ ಹಿಡಿಯುವುದೇ ಗುರಿ ಹಿಡಿಯುವುದು. ಇವೆರಡರ ನಡುವಣ ಅಂತರ 20 ಸೆಂಟಿಮೀಟರ್ ಎಂದಿಟ್ಟುಕೊಳ್ಳೋಣ. 25 ಮೀಟರ್ ಎಂಬುದು ಇದರ 125 ಪಟ್ಟು. ಆದುದರಿಂದ ಕಂಡಿಯಲ್ಲಿ ಕಡ್ಡಿಯು ಒಂದೇ ಒಂದು ಮಿಲಿಮೀಟರ್ ಓರೆಯಾದರೆ ಗುಂಡು ಗುರಿಯ ಮಧ್ಯದಿಂದ ಹನ್ನೆರಡೂವರೆ ಸೆಂಟಿಮೀಟರ್ ಆಚೆಗೆ ಬೀಳುತ್ತದೆ. ಈಗಿನ ನಿಯಮದಂತೆ ಹತ್ತಂಕದ ವೃತ್ತದ ಅಡ್ಡಳತೆಯೇ 10 ಸೆಂಟಿಮೀಟರ್. ಮಧ್ಯದಿಂದ ಅದರ ಅಂಚಿಗೆ ಐದೇ ಸೆಂಟಿಮೀಟರ್. ಮಣಿಕಟ್ಟಿನ ಕಣ್ಣಿಗೆ ಕಾಣದ ಒಂದು ಅದುರುವಿಕೆಯು ಪದಕವನ್ನು ಕಸಿದುಕೊಳ್ಳಬಲ್ಲುದು.

ಮೊದಲ ತಡೆ

ತಾಕಾಚ್ ಹುಟ್ಟಿದುದು 1910ರ ಜನವರಿ 21ರಂದು, ಬುಡಾಪೆಸ್ಟ್ ನಗರದಲ್ಲಿ. ತಾರುಣ್ಯದಲ್ಲಿಯೇ ಸೈನ್ಯವನ್ನು ಸೇರಿ ಪಿಸ್ತೂಲು ವಿದ್ಯೆಯಲ್ಲಿ ಹೆಸರು ಮಾಡಿದನು. 1936ರ ಬರ್ಲಿನ್ ಒಲಿಂಪಿಕ್ ಕೂಟದ ಹೊತ್ತಿಗೆ ಆತ ವಿಶ್ವಮಟ್ಟದ ಗುರಿಕಾರರ ಸಾಲಿಗೆ ಸೇರಿದ್ದನು. ಆದರೂ ಹಂಗೆರಿಯ ತಂಡದಲ್ಲಿ ಆತನಿಗೆ ಸ್ಥಾನ ದೊರೆಯಲಿಲ್ಲ. ಕಾರಣ ಆತನ ಗುರಿಯಲ್ಲಿರಲಿಲ್ಲ, ಹೆಗಲ ಮೇಲಿನ ಪಟ್ಟಿಯಲ್ಲಿತ್ತು. ಆತ ಸಾರ್ಜೆಂಟ್ ದರ್ಜೆಯವನು. ಅಂದಿನ ಹಂಗೆರಿ ಸೈನ್ಯದ ನಿಯಮದಂತೆ ಅಧಿಕಾರಿ ದರ್ಜೆಯವರು ಮಾತ್ರ ಒಲಿಂಪಿಕ್ ಕೂಟದಲ್ಲಿ ಸ್ಪರ್ಧಿಸಬಹುದಾಗಿತ್ತು.

ಯೋಗ್ಯತೆಯಿದ್ದೂ ದರ್ಜೆಯ ದೆಸೆಯಿಂದ ಅವಕಾಶ ತಪ್ಪುವುದು ಉದ್ಯೋಗಸ್ಥರಿಗೆ ಅಪರಿಚಿತವಾದ ಅನುಭವವಲ್ಲ. ಅಂಥ ಪ್ರಸಂಗದಲ್ಲಿ ಅನೇಕರು ಕಹಿಯನ್ನು ನುಂಗಿಕೊಂಡು ಕೆಲಸದಲ್ಲಿ ಉದಾಸೀನರಾಗುತ್ತಾರೆ. ತಾಕಾಚ್ ಅಭ್ಯಾಸವನ್ನು ಬಿಡಲಿಲ್ಲ. ಬರ್ಲಿನ್ ಕೂಟದ ನಂತರ ಆ ನಿರ್ಬಂಧವನ್ನು ತೆಗೆದುಹಾಕಲಾಯಿತು. 1940ರಲ್ಲಿ ಟೋಕಿಯೋದಲ್ಲಿ ನಡೆಯಬೇಕಿದ್ದ ಮುಂದಿನ ಕೂಟದ ಮೇಲೆ ಆತ ಕಣ್ಣಿಟ್ಟನು.

1938ರ ದುರ್ಘಟನೆ

ಆಗ ಒದಗಿದುದು ಎರಡನೆಯ ತಡೆ. 1938ರಲ್ಲಿ ಸೈನ್ಯದ ತರಬೇತಿಯ ವೇಳೆ ದೋಷಯುಕ್ತವಾದ ಕೈಬಾಂಬೊಂದು ಆತನ ಬಲಗೈಯಲ್ಲಿಯೇ ಸಿಡಿಯಿತು. ಕೈ ಛಿದ್ರವಾಯಿತು. ಜೀವ ಉಳಿಯಿತು, ಆದರೆ ಪಿಸ್ತೂಲು ಹಿಡಿಯುವ ಕೈ ಇಲ್ಲವಾಯಿತು. ಆಗ ಆತನ ವಯಸ್ಸು 28.

ಸುಮಾರು ಒಂದು ತಿಂಗಳು ಆತ ಆಸ್ಪತ್ರೆಯಲ್ಲಿ ಕಳೆದನು. ಅಲ್ಲಿಂದ ಹೊರಬಂದವನು ಯಾರಿಗೂ ತಿಳಿಸದೆ ಎಡಗೈಯಿಂದ ಗುರಿಯಿಡುವ ಅಭ್ಯಾಸವನ್ನು ಆರಂಭಿಸಿದನು. ಈ ಗುಟ್ಟಿಗೆ ಕಾರಣವನ್ನು ಊಹಿಸುವುದು ಕಷ್ಟವಲ್ಲ. ನೋಡುವವರಿದ್ದರೆ ಕನಿಕರವೂ ಇರುತ್ತದೆ. ಎಡಗೈಯ ಮೊದಲ ಗುಂಡುಗಳು ಎಲ್ಲಿ ಬಿದ್ದಿರಬಹುದೆಂಬುದನ್ನು ಯೋಚಿಸಿದರೆ, ಅವಕ್ಕೆ ಸಾಕ್ಷಿಗಳಿಲ್ಲದಿದ್ದುದು ಆತನಿಗೆ ಎಷ್ಟು ಅನುಕೂಲವಾಯಿತೆಂಬುದು ಹೊಳೆಯುತ್ತದೆ. ಕಲಿಯುವವನು ತಪ್ಪುಮಾಡಲೇಬೇಕು; ತಪ್ಪು ಮಾಡಿದಾಗಲೆಲ್ಲ ‘ಅಯ್ಯೋ ಪಾಪ’ ಎನ್ನುವವರು ಸುತ್ತ ನೆರೆದಿದ್ದರೆ ಕಲಿಕೆ ಸಾಗುವುದಿಲ್ಲ.

ಉಳಿದುದರ ಲೆಕ್ಕ

ಇಲ್ಲಿ ಸ್ವಲ್ಪ ನಿಂತು ವಿಚಾರ ಮಾಡಬೇಕು. ತಾಕಾಚ್ ಕಳೆದುಕೊಂಡುದೇನು, ಆತನಲ್ಲಿ ಉಳಿದುದೇನು?

ಕಳೆದುದು ಒಂದು ಸಾಧನ. ಬಲಗೈಯ ಬೆರಳುಗಳಿಗೆ ವರ್ಷಗಳ ಸಾಧನೆಯಿಂದ ಬಂದಿದ್ದ ಸೂಕ್ಷ್ಮತೆ, ಮಣಿಕಟ್ಟಿನ ಬಿಗಿ, ತೋಳಿನ ತಾಳಿಕೆ, ಇವೆಲ್ಲ ಆ ಸಾಧನದೊಡನೆ ಹೋದವು. ಎಡಗೈಗೆ ಇವುಗಳನ್ನು ಮೊದಲಿನಿಂದ ಕಲಿಸಬೇಕಾಯಿತು. ಬೆರಳುಗಳ ಪೈಕಿ ತೋರುಬೆರಳೊಂದನ್ನು ಮಾತ್ರ ಚಲಿಸಿ ಉಳಿದವನ್ನು ನಿಶ್ಚಲವಾಗಿ ಇಟ್ಟುಕೊಳ್ಳುವುದು ಅಭ್ಯಾಸವಿಲ್ಲದ ಕೈಗೆ ಎಷ್ಟು ಕಠಿಣವೆಂಬುದನ್ನು ಎಡಗೈಯಿಂದ ಸಹಿ ಹಾಕಲು ಯತ್ನಿಸಿದವರೆಲ್ಲ ಬಲ್ಲರು. ಬಲಗೈಗೆಂದು ಕೆತ್ತಿದ ಪಿಸ್ತೂಲಿನ ಹಿಡಿಯೂ ಎಡಗೈಗೆ ಹೊಂದುವುದಿಲ್ಲ. ನಿಲ್ಲುವ ಭಂಗಿ, ಪಾದಗಳ ಸ್ಥಾನ, ತಲೆಯ ಓರೆ ಎಲ್ಲವೂ ಕನ್ನಡಿಯಲ್ಲಿ ಕಂಡಂತೆ ತಿರುವುಮುರುವಾಗಬೇಕು.

ಉಳಿದುದೋ ಬಹಳ. ಗುರಿ ಹಿಡಿದಾಗ ಕಣ್ಣು ಎಲ್ಲಿ ನೆಡಬೇಕೆಂಬ ಜ್ಞಾನ ಉಳಿದಿತ್ತು. ಹೊರಗಿನವರು ತಿಳಿದಿರುವಂತೆ ಗುರಿಕಾರನು ದೂರದ ಗುರಿಯನ್ನು ದಿಟ್ಟಿಸುವುದಿಲ್ಲ. ಆತನ ದೃಷ್ಟಿ ಪಿಸ್ತೂಲಿನ ಮುಂದಿನ ಕಡ್ಡಿಯ ಮೇಲೆ ನೆಟ್ಟಿರುತ್ತದೆ, ಗುರಿಯು ಅದರಾಚೆ ಮಸುಕಾಗಿ ಕಾಣುತ್ತಿರುತ್ತದೆ. ಉಸಿರನ್ನು ಯಾವಾಗ ತಡೆಹಿಡಿಯಬೇಕು, ಟ್ರಿಗರನ್ನು ಹೇಗೆ ಎಳೆಯದೆ ಒತ್ತಬೇಕು, ಐದು ಗುಂಡುಗಳ ಲಯ ಹೇಗಿರಬೇಕು, ಒಂದು ಗುಂಡು ತಪ್ಪಿದರೆ ಅದನ್ನು ಮರೆತು ಮುಂದಿನದಕ್ಕೆ ಹೇಗೆ ಮನಸ್ಸು ಕೊಡಬೇಕು, ಇವೆಲ್ಲ ಕೈಯಲ್ಲಿ ಇರುವ ವಿದ್ಯೆಗಳಲ್ಲ. ಇವು ಮೆದುಳಿನಲ್ಲಿ ನೆಲೆಸಿದ ವಿದ್ಯೆಗಳು. ಕೈಬಾಂಬು ಅಲ್ಲಿಗೆ ತಲುಪಿರಲಿಲ್ಲ.

ಶರೀರಶಾಸ್ತ್ರವೂ ಈ ಮಾತನ್ನು ಬೆಂಬಲಿಸುತ್ತದೆ. ಬಲಗೈಯ ಚಲನೆಯನ್ನು ಮುಖ್ಯವಾಗಿ ಮೆದುಳಿನ ಎಡ ಅರ್ಧವೂ ಎಡಗೈಯ ಚಲನೆಯನ್ನು ಬಲ ಅರ್ಧವೂ ನಿಯಂತ್ರಿಸುತ್ತವೆ. ಆದರೆ ಈ ಎರಡು ಅರ್ಧಗಳು ನೆರೆಮನೆಯವರಂತೆ ಬಾಗಿಲು ಮುಚ್ಚಿಕೊಂಡಿಲ್ಲ. ಅಸಂಖ್ಯ ನರತಂತುಗಳ ಒಂದು ಸೇತುವೆಯು ಅವುಗಳನ್ನು ಜೋಡಿಸಿದೆ. 1894ರಷ್ಟು ಹಿಂದೆಯೇ ಅಮೆರಿಕದ ಯೇಲ್ ವಿಶ್ವವಿದ್ಯಾಲಯದ ಮನಶ್ಶಾಸ್ತ್ರ ಪ್ರಯೋಗಾಲಯದಲ್ಲಿ ಸ್ಕ್ರಿಪ್ಚರ್ ಎಂಬ ವಿದ್ವಾಂಸನು ತನ್ನ ಸಂಗಡಿಗರೊಡನೆ ಒಂದು ಪ್ರಯೋಗ ನಡೆಸಿದನು. ಒಂದು ಕೈಗೆ ಮಾತ್ರ ಬಲದ ಹಾಗೂ ನಿಖರತೆಯ ಅಭ್ಯಾಸ ಕೊಟ್ಟಾಗ, ಅಭ್ಯಾಸವನ್ನೇ ಮಾಡದ ಮತ್ತೊಂದು ಕೈಯೂ ಸುಧಾರಿಸಿದುದು ಕಂಡುಬಂದಿತು. ಅನಂತರ ನಡೆದ ಅನೇಕ ಅಧ್ಯಯನಗಳು ಈ ಸಂಗತಿಯನ್ನು ದೃಢಪಡಿಸಿವೆ. ಒಂದು ಕೈ ಕಲಿತುದರಲ್ಲಿ ಒಂದು ಪಾಲು ಇನ್ನೊಂದರ ಲೆಕ್ಕಕ್ಕೂ ಜಮೆಯಾಗುತ್ತದೆ. ಪೂರ್ಣ ಮೊತ್ತವಲ್ಲ, ಪಾಲು ಮಾತ್ರ. ಉಳಿದುದನ್ನು ಅಭ್ಯಾಸದಿಂದಲೇ ತುಂಬಬೇಕು.

ಆದುದರಿಂದ ತಾಕಾಚ್ ಸೊನ್ನೆಯಿಂದ ಆರಂಭಿಸಿದನೆನ್ನುವುದು ಸರಿಯಲ್ಲ. ನಷ್ಟದ ಲೆಕ್ಕವನ್ನು ಮಾತ್ರ ಬರೆದು ಪುಸ್ತಕ ಮುಚ್ಚದೆ, ಉಳಿದ ಆಸ್ತಿಯ ಲೆಕ್ಕವನ್ನೂ ತೆಗೆದುದೇ ಆತನ ವಿವೇಕ.

ಸಾಂತ್ವನಕ್ಕೆ ಬಂದವರು

1939ರ ವಸಂತಕಾಲದಲ್ಲಿ ಹಂಗೆರಿಯ ರಾಷ್ಟ್ರೀಯ ಪಿಸ್ತೂಲು ಚಾಂಪಿಯನ್‌ಷಿಪ್ ನಡೆಯಿತು. ತಾಕಾಚ್ ಅಲ್ಲಿಗೆ ಬಂದುದನ್ನು ಕಂಡ ಹಳೆಯ ಸಂಗಡಿಗರು, ತಮ್ಮ ಸ್ಪರ್ಧೆಯನ್ನು ನೋಡಲು ಬಂದಿದ್ದಾನೆಂದು ಭಾವಿಸಿ ಸಾಂತ್ವನದ ಮಾತುಗಳನ್ನಾಡಿದರಂತೆ. ತಾನು ನೋಡಲು ಬಂದವನಲ್ಲ, ಸ್ಪರ್ಧಿಸಲು ಬಂದವನೆಂದು ಆತ ತಿಳಿಸಿದನು. ಅಷ್ಟೇ ಅಲ್ಲ, ಎಡಗೈಯಿಂದ ಚಾಂಪಿಯನ್ ಪಟ್ಟವನ್ನು ಗೆದ್ದನು. ಅದೇ ವರ್ಷ ಸ್ವಿಟ್ಜರ್ಲೆಂಡಿನ ಲುಸೆರ್ನ್ ನಗರದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ ಪಿಸ್ತೂಲು ವಿಭಾಗದ ತಂಡ ಪ್ರಶಸ್ತಿಯನ್ನು ಪಡೆದ ಹಂಗೆರಿ ತಂಡದಲ್ಲಿಯೂ ಆತನಿದ್ದನು.

ಮಹಾಭಾರತದಲ್ಲಿ ಬಲಗೈಯ ಹೆಬ್ಬೆರಳನ್ನು ಕಳೆದುಕೊಂಡ ಏಕಲವ್ಯನಿದ್ದಾನೆ. ಎರಡು ಕೈಗಳಿಂದಲೂ ಬಾಣ ಬಿಡಬಲ್ಲವನಾದುದರಿಂದ ಸವ್ಯಸಾಚಿಯೆನಿಸಿದ ಅರ್ಜುನನೂ ಇದ್ದಾನೆ. ದುರ್ಘಟನೆಯು ತಾಕಾಚ್‌ನನ್ನು ಏಕಲವ್ಯನನ್ನಾಗಿ ಮಾಡಿತು. ವರ್ಷವೊಂದರಲ್ಲಿ ಆತ ತನ್ನನ್ನು ಸವ್ಯಸಾಚಿಯನ್ನಾಗಿ ಮಾಡಿಕೊಂಡನು.

ಆದರೆ ಮೂರನೆಯ ತಡೆ ಇನ್ನೂ ಬಾಕಿಯಿತ್ತು. 1939ರಲ್ಲಿ ಎರಡನೆಯ ಮಹಾಯುದ್ಧ ಆರಂಭವಾಯಿತು. ಟೋಕಿಯೋ ಕೈಬಿಟ್ಟ 1940ರ ಕೂಟವನ್ನು ಹೆಲ್ಸಿಂಕಿಗೆ ವಹಿಸಲಾಗಿತ್ತು, ಅದು ರದ್ದಾಯಿತು. 1944ರ ಕೂಟ ಲಂಡನ್ನಿನಲ್ಲಿ ನಡೆಯಬೇಕಿತ್ತು, ಅದೂ ರದ್ದಾಯಿತು. ಯುದ್ಧದ ಕೊನೆಯ ಚಳಿಗಾಲದಲ್ಲಿ ಬುಡಾಪೆಸ್ಟ್ ನಗರವು ಮುತ್ತಿಗೆಗೆ ಸಿಕ್ಕಿ ಬಹುಮಟ್ಟಿಗೆ ಧ್ವಂಸವಾಯಿತು. ಕೈ ಕಳೆದುಕೊಂಡವನಿಗೆ ಕೈ ದೊರೆತರೂ ಕಣ ದೊರೆಯಲಿಲ್ಲ. ಹತ್ತು ವರ್ಷ ಆತ ಕಾಯಬೇಕಾಯಿತು.

ಲಂಡನ್ ಮತ್ತು ಹೆಲ್ಸಿಂಕಿ

ಸ್ವತಂತ್ರ ಭಾರತವು ಹಾಕಿಯಲ್ಲಿ ತನ್ನ ಮೊದಲ ಬಂಗಾರವನ್ನು ಗೆದ್ದ 1948ರ ಲಂಡನ್ ಕೂಟದಲ್ಲಿ ತಾಕಾಚ್ ಒಲಿಂಪಿಕ್ ಕಣವನ್ನು ಪ್ರವೇಶಿಸಿದನು. ಗುಂಡಿನ ಸ್ಪರ್ಧೆಗಳು ಸರ್ರೆ ಪ್ರಾಂತ್ಯದ ಬಿಸ್ಲೆಯಲ್ಲಿ ನಡೆದವು. ಆತನಿಗೆ ಆಗ 38 ವರ್ಷ. ಗೆಲ್ಲುವನೆಂದು ಎಲ್ಲರೂ ನಿರೀಕ್ಷಿಸಿದ್ದುದು 1947ರ ವಿಶ್ವ ಚಾಂಪಿಯನ್, ಅರ್ಜೆಂಟೈನಾದ ಕಾರ್ಲೋಸ್ ಎನ್ರಿಕೆ ಡಿಯಾಸ್ ಸಾಯೆನ್ಸ್ ವಾಲಿಯೆಂಟೆ. ಸ್ಪರ್ಧೆಗೆ ಮುನ್ನ ಆತ ತಾಕಾಚ್‌ನನ್ನು ಕಂಡು ಇಲ್ಲಿಗೆ ಬಂದ ಉದ್ದೇಶವೇನೆಂದು ಕೇಳಿದನಂತೆ. ಕಲಿಯುವುದಕ್ಕೆ ಬಂದಿದ್ದೇನೆಂದು ತಾಕಾಚ್ ಉತ್ತರಿಸಿದನಂತೆ.

ಫಲಿತಾಂಶ ಪ್ರಕಟವಾದಾಗ ತಾಕಾಚ್‌ನ ಅಂಕಗಳು 600ಕ್ಕೆ 580. ಅದು ಹಿಂದಿನ ವಿಶ್ವದಾಖಲೆಗಿಂತ 10 ಅಂಕ ಹೆಚ್ಚು. ಅರ್ಜೆಂಟೈನಾದ ಚಾಂಪಿಯನ್ 571 ಅಂಕಗಳೊಡನೆ ಎರಡನೆಯವನಾದನು. ಸ್ವೀಡನ್ನಿನ ಸ್ವೆನ್ ಲುಂಡ್‌ಕ್ವಿಸ್ಟ್ 569 ಅಂಕಗಳೊಡನೆ ಮೂರನೆಯವನು. ಪದಕ ಪ್ರದಾನದ ಸಮಯದಲ್ಲಿ, ಕಲಿತದ್ದು ಸಾಕಾಯಿತೆಂದು ಸೋತ ಚಾಂಪಿಯನ್ ನಗುತ್ತ ಅಭಿನಂದಿಸಿದುದಾಗಿ ಹೇಳುತ್ತಾರೆ.

ಖಾಶಾಬಾ ಜಾಧವರು ಭಾರತಕ್ಕೆ ಕುಸ್ತಿಯ ಕಂಚನ್ನು ತಂದುಕೊಟ್ಟ 1952ರ ಹೆಲ್ಸಿಂಕಿ ಕೂಟದಲ್ಲಿ ತಾಕಾಚ್ ಮತ್ತೆ ಕಣಕ್ಕಿಳಿದನು. ಈಗ ವಯಸ್ಸು 42. ಸಣ್ಣ ಅಕ್ಷರ ಓದಲು ಚಾಳೀಸು ಬೇಕಾಗುವ ವಯಸ್ಸು ಅದು. ತೋಳಿನಳತೆಯಲ್ಲಿರುವ ಕಡ್ಡಿಯ ಮೇಲೆ ಕಣ್ಣು ನೆಡಬೇಕಾದ ಗುರಿಕಾರನಿಗೆ ಇದು ಸಣ್ಣ ಸಮಸ್ಯೆಯಲ್ಲ. ಆದರೂ 579 ಅಂಕ ಗಳಿಸಿ ಆತ ಪುನಃ ಬಂಗಾರ ಗೆದ್ದನು. ಒಂದೇ ಅಂಕದ ಅಂತರದಿಂದ, 578 ಅಂಕಗಳೊಡನೆ, ಬೆಳ್ಳಿ ಪಡೆದವನು ಹಂಗೆರಿಯವನೇ ಆದ ಸಿಲಾರ್ಡ್ ಕುನ್. ತಾಕಾಚ್‌ನ ಬಳಿಯೇ ಪಳಗಿದ ತರುಣ. ಈ ಸ್ಪರ್ಧೆಯಲ್ಲಿ ಒಲಿಂಪಿಕ್ ಪಟ್ಟವನ್ನು ಎರಡು ಬಾರಿ ಗೆದ್ದವರಲ್ಲಿ ತಾಕಾಚ್ ಮೊದಲಿಗನಾದನು. ಯುದ್ಧದಿಂದ ರದ್ದಾದ ಎರಡು ಕೂಟಗಳು ನಡೆಯಬೇಕಿದ್ದ ನಗರಗಳು ಹೆಲ್ಸಿಂಕಿ ಮತ್ತು ಲಂಡನ್ ಎಂಬುದನ್ನು ನೆನೆದರೆ, ಕಾಲವು ತಡೆಹಿಡಿದಿದ್ದ ಬಾಕಿಯನ್ನು ಆಯಾ ನಗರದಲ್ಲಿಯೇ ಸಲ್ಲಿಸಿದಂತಾಯಿತು ಎನ್ನಬೇಕು.

1956ರ ಮೆಲ್ಬರ್ನ್ ಕೂಟದಲ್ಲಿ ಆತ ಎಂಟನೆಯ ಸ್ಥಾನಕ್ಕೆ ಇಳಿದನು. ಆದರೂ ನಿವೃತ್ತನಾಗಲಿಲ್ಲ. 1958ರಲ್ಲಿ ಮಾಸ್ಕೋದಲ್ಲಿ ನಡೆದ ವಿಶ್ವ ಚಾಂಪಿಯನ್‌ಷಿಪ್‌ನಲ್ಲಿ, 48ನೆಯ ವಯಸ್ಸಿನಲ್ಲಿ, ಇನ್ನೊಂದು ಬಗೆಯ ಪಿಸ್ತೂಲು ಸ್ಪರ್ಧೆಯಲ್ಲಿ ಕಂಚಿನ ಪದಕ ಪಡೆದನು. ತನ್ನ ದೇಶದಲ್ಲಿ ಆತ 35 ಬಾರಿ ರಾಷ್ಟ್ರೀಯ ಚಾಂಪಿಯನ್ ಆದನೆಂದು ಲೆಕ್ಕವಿದೆ. ಸಾರ್ಜೆಂಟನೆಂಬ ಕಾರಣಕ್ಕೆ ಒಮ್ಮೆ ಹಿಂದುಳಿದವನು ಲೆಫ್ಟಿನೆಂಟ್ ಕರ್ನಲ್ ದರ್ಜೆಯಲ್ಲಿ ಸೇವೆ ಮುಗಿಸಿ, ಬಳಿಕ ಶಿಕ್ಷಕನಾಗಿ ತನ್ನ ವಿದ್ಯೆಯನ್ನು ಇತರರಿಗೆ ಹಂಚಿದನು. 1976ರ ಜನವರಿ 5ರಂದು ಬುಡಾಪೆಸ್ಟಿನಲ್ಲಿ ನಿಧನ ಹೊಂದಿದನು.

ನಿಶ್ಚಲತೆಯ ರಹಸ್ಯ

ಓಟಗಾರನಿಗೆ ಹೃದಯವು ವೇಗವಾಗಿ ಬಡಿದಷ್ಟೂ ಪ್ರಯೋಜನ. ಗುರಿಕಾರನಿಗೆ ಅದೇ ಶತ್ರು. ಆರೋಗ್ಯವಂತನ ಕೈಯೂ ಸೆಕೆಂಡಿಗೆ ಸುಮಾರು 8ರಿಂದ 12 ಬಾರಿ ಸೂಕ್ಷ್ಮವಾಗಿ ಕಂಪಿಸುತ್ತಿರುತ್ತದೆ. ಇದು ರೋಗವಲ್ಲ, ದೇಹಧರ್ಮ. ಭಯ, ಆತಂಕ, ನಿದ್ರಾಭಂಗ, ಅತಿಯಾದ ಕಾಫಿ, ದಣಿವು ಇವುಗಳಿಂದ ಆ ಕಂಪನ ಹೆಚ್ಚುತ್ತದೆ. ಪ್ರತಿ ಹೃದಯಬಡಿತವೂ ಚಾಚಿದ ತೋಳಿನ ತುದಿಗೆ ಒಂದು ಸಣ್ಣ ಅಲೆಯನ್ನು ಕಳುಹಿಸುತ್ತದೆ. ನಿಧಾನಗತಿಯ ಸ್ಪರ್ಧೆಗಳಲ್ಲಿ ಅನುಭವಿಗಳು ತಮಗರಿವಿಲ್ಲದೆಯೇ ಎರಡು ಬಡಿತಗಳ ನಡುವಣ ವಿರಾಮದಲ್ಲಿ ಗುಂಡು ಹಾರಿಸುವುದನ್ನು ಸಂಶೋಧಕರು ಗಮನಿಸಿದ್ದಾರೆ. ನಾಲ್ಕು ಸೆಕೆಂಡುಗಳಲ್ಲಿ ಐದು ಗುಂಡು ಹಾರಿಸುವವನಿಗೆ ಅಂಥ ವಿರಾಮಕ್ಕಾಗಿ ಕಾಯುವ ಅನುಕೂಲವೂ ಇಲ್ಲ. ಒಟ್ಟು ದೇಹವನ್ನೇ ಶಾಂತಗೊಳಿಸಿಕೊಳ್ಳಬೇಕು.

ಈ ಶಾಂತಿಯನ್ನು ಔಷಧದಿಂದ ಕೊಳ್ಳಲು ಯತ್ನಿಸಿದವರೂ ಉಂಟು. ರಕ್ತದೊತ್ತಡ ಹಾಗೂ ಹೃದ್ರೋಗಗಳಿಗೆ ವೈದ್ಯರು ಕೊಡುವ ಬೀಟಾ ಬ್ಲಾಕರ್ ಗುಂಪಿನ ಔಷಧಗಳು ಬಡಿತವನ್ನು ನಿಧಾನಗೊಳಿಸಿ ಕೈನಡುಕವನ್ನು ತಗ್ಗಿಸುತ್ತವೆ. ಅದಕ್ಕಾಗಿಯೇ ಗುಂಡಿನ ಸ್ಪರ್ಧೆಗಳಲ್ಲಿ ಅವು ನಿಷಿದ್ಧ. 2008ರ ಬೀಜಿಂಗ್ ಕೂಟದಲ್ಲಿ ಉತ್ತರ ಕೊರಿಯದ ಕಿಮ್ ಜೊಂಗ್ ಸು ಇಂಥ ಔಷಧ ಸೇವಿಸಿದುದು ಪರೀಕ್ಷೆಯಲ್ಲಿ ಗೊತ್ತಾಗಿ, ಪಿಸ್ತೂಲಿನಲ್ಲಿ ಗೆದ್ದ ಬೆಳ್ಳಿ ಮತ್ತು ಕಂಚು ಎರಡನ್ನೂ ಕಳೆದುಕೊಂಡನು. ಇನ್ನೊಂದು ಮಾತನ್ನು ಇಲ್ಲಿಯೇ ಹೇಳಬೇಕು. ಈ ಔಷಧಗಳನ್ನು ವೈದ್ಯರ ಸೂಚನೆಯಿಂದ ಸೇವಿಸುತ್ತಿರುವ ರೋಗಿಗಳು ತಾವಾಗಿ ಹಠಾತ್ತನೆ ನಿಲ್ಲಿಸುವುದು ಅಪಾಯಕರ. ಆಟಗಾರನಿಗೆ ನಿಷಿದ್ಧವಾದುದು ರೋಗಿಗೆ ಪಥ್ಯವಾಗಿರಬಹುದು.

ನಮ್ಮವರ ಕಡೆಗೆ

ತಾಕಾಚ್‌ನ ಸ್ಪರ್ಧೆಯಲ್ಲಿ ಭಾರತಕ್ಕೂ ಒಂದು ಪದಕವುಂಟು. 2012ರಲ್ಲಿ ಅದೇ ಲಂಡನ್ನಿನಲ್ಲಿ, 25 ಮೀಟರ್ ಶೀಘ್ರಗತಿಯ ಪಿಸ್ತೂಲಿನಲ್ಲಿ, ಹಿಮಾಚಲ ಪ್ರದೇಶದ ವಿಜಯ್ ಕುಮಾರ್ ಬೆಳ್ಳಿ ಗೆದ್ದರು. ಅವರು ಆಗ ಭಾರತೀಯ ಸೈನ್ಯದ ಡೋಗ್ರಾ ರೆಜಿಮೆಂಟಿನಲ್ಲಿ ಸುಬೇದಾರರು. 1936ರ ಹಂಗೆರಿಯ ನಿಯಮ ಭಾರತದಲ್ಲಿದ್ದಿದ್ದರೆ ಅವರು ಲಂಡನ್ನಿಗೆ ಹೋಗುವುದೇ ಸಾಧ್ಯವಿರಲಿಲ್ಲ.

ಕರ್ನಾಟಕದವರೇ ಆದ ಪ್ರಕಾಶ್ ನಂಜಪ್ಪನವರ ಉದಾಹರಣೆ ಇನ್ನಷ್ಟು ಹತ್ತಿರದ್ದು. ಬೆಂಗಳೂರಿನ ಈ ಪಿಸ್ತೂಲು ಸ್ಪರ್ಧಾಳು ಕೆಲಕಾಲ ಕೆನಡಾದಲ್ಲಿ ಉದ್ಯೋಗದಲ್ಲಿದ್ದು, ತಾಯ್ನಾಡಿಗೆ ಮರಳಿ ಆಟಕ್ಕೆ ತಮ್ಮನ್ನು ಒಪ್ಪಿಸಿಕೊಂಡವರು. 2013ರಲ್ಲಿ ಕೊರಿಯದ ಚಾಂಗ್ವಾನ್ ವಿಶ್ವಕಪ್ಪಿನಲ್ಲಿ 10 ಮೀಟರ್ ಏರ್ ಪಿಸ್ತೂಲಿನ ಕಂಚನ್ನು ಗೆದ್ದರು. ಅದೇ ವರ್ಷ ಸ್ಪೇನಿನ ಗ್ರಾನಡಾಕ್ಕೆ ಸ್ಪರ್ಧೆಗಾಗಿ ಹೋಗಿದ್ದಾಗ ಮುಖದ ಪಾರ್ಶ್ವವಾಯು ಅವರನ್ನು ಕಾಡಿತು. ಮುಖದ ಒಂದು ಬದಿಯ ನರ ದುರ್ಬಲವಾಗಿ, ಕಣ್ಣಿನ ರೆಪ್ಪೆ ಸರಿಯಾಗಿ ಮುಚ್ಚದಂತಾಗುವ ಈ ವ್ಯಾಧಿ ಕಣ್ಣನ್ನೇ ನಂಬಿದ ಆಟಗಾರನಿಗೆ ಎಂಥ ಆಘಾತವೆಂಬುದನ್ನು ವಿವರಿಸಬೇಕಾಗಿಲ್ಲ. ಚಿಕಿತ್ಸೆ ಪಡೆದು ಅವರು ಮರಳಿದರು. ಮರುವರ್ಷ, 2014ರಲ್ಲಿ, ಗ್ಲಾಸ್ಗೋ ಕಾಮನ್‌ವೆಲ್ತ್ ಕ್ರೀಡಾಕೂಟದಲ್ಲಿ ಬೆಳ್ಳಿ ಗೆದ್ದರು. 2016ರಲ್ಲಿ ರಿಯೋ ಒಲಿಂಪಿಕ್ ಕೂಟದಲ್ಲಿ ಭಾರತವನ್ನು ಪ್ರತಿನಿಧಿಸಿದರು. 2017ರಲ್ಲಿ ಅರ್ಜುನ ಪ್ರಶಸ್ತಿಗೆ ಪಾತ್ರರಾದರು.

ಮನೆಮನೆಗೆ ಬೇಕಾದ ಪಾಠ

ಎಲ್ಲರೂ ಪಿಸ್ತೂಲು ಹಿಡಿಯಬೇಕಾಗಿಲ್ಲ, ಪದಕ ಗೆಲ್ಲಬೇಕಾಗಿಯೂ ಇಲ್ಲ. ಆದರೆ ಮಹಾನಗರಗಳ ಸಣ್ಣ ಮನೆಗಳಲ್ಲಿ, ಊರಿನ ಬಂಧುಬಳಗದಿಂದ ದೂರವಾಗಿ ಸಂಸಾರ ನಡೆಸುವವರಲ್ಲಿ, ದುಡಿಯುವ ವಯಸ್ಸಿನಲ್ಲಿಯೇ ಪಾರ್ಶ್ವವಾಯುವಿನಿಂದಲೋ ಅಪಘಾತದಿಂದಲೋ ಒಂದು ಕೈ ದುರ್ಬಲವಾದವರು ಕಡಿಮೆಯಿಲ್ಲ. ಅಂಥವರ ಪಾಲಿಗೆ ತಾಕಾಚ್‌ನ ಬಾಳಿನಿಂದ ಕೆಲವು ಮಾತುಗಳನ್ನು ಆರಿಸಿಕೊಳ್ಳಬಹುದು.

ಮೊದಲನೆಯದು ಕಾಲ. ತಾಕಾಚ್ ಆಸ್ಪತ್ರೆಯಿಂದ ಬಂದೊಡನೆ ಅಭ್ಯಾಸಕ್ಕೆ ತೊಡಗಿದನು. ವ್ಯಾಯಾಮ ಚಿಕಿತ್ಸೆಯನ್ನು ವೈದ್ಯರು ಅನುಮತಿಸಿದ ಕೂಡಲೇ ಆರಂಭಿಸಬೇಕೇ ಹೊರತು ‘ಪೂರ್ತಿ ಗುಣವಾಗಲಿ, ಆಮೇಲೆ ನೋಡೋಣ’ ಎಂದು ಮುಂದೂಡಬಾರದು. ಬಳಸದ ಸ್ನಾಯು ದಿನದಿನಕ್ಕೂ ಕ್ಷೀಣಿಸುತ್ತದೆ; ಬಳಸದ ಕೀಲು ಬಿಗಿಯುತ್ತದೆ.

ಎರಡನೆಯದು ವಿವೇಚನೆ. ತಾಕಾಚ್‌ನ ಬಲಗೈ ಮತ್ತೆ ಪಿಸ್ತೂಲು ಹಿಡಿಯುವಂತಿರಲಿಲ್ಲವಾದುದರಿಂದ ಎಡಗೈಯನ್ನು ಪಳಗಿಸುವುದೇ ದಾರಿಯಾಯಿತು. ಪಾರ್ಶ್ವವಾಯುವಿನ ಸಂಗತಿ ಬೇರೆ. ಅಲ್ಲಿ ಕೈ ಇರುತ್ತದೆ, ಮೆದುಳಿನ ಆಜ್ಞೆ ಮಾತ್ರ ತಲುಪುತ್ತಿರುವುದಿಲ್ಲ. ಅಂಥವರು ಒಳ್ಳೆಯ ಕೈಯಿಂದಲೇ ಎಲ್ಲವನ್ನೂ ಮಾಡುತ್ತ ಹೋದರೆ ದುರ್ಬಲವಾದ ಕೈ ಇನ್ನಷ್ಟು ಮರೆತುಹೋಗುತ್ತದೆ. ಸ್ವಲ್ಪವಾದರೂ ಚಲನೆಯುಳಿದಿರುವ ಕೆಲವರಿಗೆ, ಒಳ್ಳೆಯ ಕೈಯನ್ನು ದಿನದಲ್ಲಿ ಕೆಲವು ಗಂಟೆ ಕಟ್ಟಿಟ್ಟು ದುರ್ಬಲವಾದ ಕೈಯಿಂದಲೇ ಕೆಲಸ ಮಾಡಿಸುವ ಚಿಕಿತ್ಸೆಯೂ ಇದೆ. ಮುರಿದ ಕೈಗೆ ಕಟ್ಟು ಹಾಕಿರುವಾಗ ಇನ್ನೊಂದು ಕೈಗೆ ವ್ಯಾಯಾಮ ಕೊಟ್ಟರೆ ಕಟ್ಟಿನೊಳಗಿನ ಕೈಯ ಶಕ್ತಿನಾಶ ತಗ್ಗುತ್ತದೆಂಬುದನ್ನೂ ಪ್ರಯೋಗಗಳು ತೋರಿಸಿವೆ. ಯಾರಿಗೆ ಯಾವುದು ತಕ್ಕುದೆಂಬುದನ್ನು ತಜ್ಞರೇ ನಿರ್ಧರಿಸಬೇಕು.

ಮೂರನೆಯದು ಮನೆಯವರಿಗೆ ಸಂಬಂಧಿಸಿದುದು. ರೋಗಿಯು ತಡವರಿಸುತ್ತ ಗುಂಡಿ ಹಾಕಿಕೊಳ್ಳುವಾಗ ಓಡಿಬಂದು ತಾವೇ ಹಾಕಿಬಿಡುವುದು ಪ್ರೀತಿಯ ಲಕ್ಷಣವಾದರೂ ಚಿಕಿತ್ಸೆಗೆ ಅಡ್ಡಿ. ಬೀಳದಂತೆ, ಗಾಯವಾಗದಂತೆ ಎಚ್ಚರ ವಹಿಸಿ, ಉಳಿದುದನ್ನು ಆತನ ಪ್ರಯತ್ನಕ್ಕೇ ಬಿಡಬೇಕು. ಚೆಲ್ಲಿದ ಅನ್ನವನ್ನು ಕಂಡೂ ಕಾಣದಂತಿರುವ ಸೌಜನ್ಯ ಮನೆಯವರಲ್ಲಿರಬೇಕು. ತಾಕಾಚ್ ಗುಟ್ಟಿನಲ್ಲಿ ಪಡೆದುಕೊಂಡ ಸ್ವಾತಂತ್ರ್ಯವನ್ನು ಮನೆಯವರು ಬೆಳಕಿನಲ್ಲಿಯೇ ಕೊಡಬಹುದು.

ನಾಲ್ಕನೆಯದು ಮಿತಿಯ ಅರಿವು. ಎಲ್ಲ ಕೈಗಳೂ ಮರಳಿ ಬರುವುದಿಲ್ಲ. ಎಲ್ಲ ಪ್ರಯತ್ನಗಳಿಗೂ ಬಂಗಾರ ದೊರೆಯುವುದಿಲ್ಲ. ತಾಕಾಚ್‌ನ ಹೆಸರನ್ನು ಹೇಳಿ ಅಶಕ್ತರಾದವರನ್ನು ಹಂಗಿಸುವುದು ಆತನ ಬಾಳಿಗೆ ಮಾಡಿದ ಅಪಚಾರವಾದೀತು. ಎಡಗೈಯಿಂದ ಚಮಚ ಹಿಡಿದು ತಾನೇ ಉಂಡವನು, ತಿಂಗಳುಗಟ್ಟಲೆ ಅಭ್ಯಾಸ ಮಾಡಿ ಚೆಕ್ಕಿನ ಮೇಲೆ ಮತ್ತೆ ತನ್ನ ಸಹಿಯನ್ನು ತಾನೇ ಹಾಕಿದವನು ತನ್ನ ಅಳತೆಯಲ್ಲಿ ಗುರಿ ಮುಟ್ಟಿದವನೇ ಸರಿ.

ಕೈಲಾಗದು ಎಂಬ ನುಡಿಯನ್ನು ಭಾಷೆಯಿಂದ ತೆಗೆಯಲಾಗದು, ತೆಗೆಯಬೇಕಾಗಿಯೂ ಇಲ್ಲ. ಆದರೆ ಅದನ್ನು ಹೇಳುವ ಮುನ್ನ ಯಾವ ಕೈ, ಯಾವ ಕೆಲಸ, ಎಷ್ಟು ದಿನದ ಅಭ್ಯಾಸದ ಬಳಿಕ ಎಂದು ಒಮ್ಮೆ ಕೇಳಿಕೊಳ್ಳುವುದು ಒಳ್ಳೆಯದು.